ಅರ್ಜುನನ ತೇರು, ಬುಗಾಟಿಯ ಬಣ್ಣ

ಮೂಗು ಮುಕ್ಕಾದ ವಿಗ್ರಹಕ್ಕೆ ದೇವರಾಯಸಮುದ್ರದ ಕಡೆ ಪೂಜೆ ನಿಂತುಹೋಗುತ್ತದೆ. ಭಿನ್ನವಾಯಿತಲ್ಲ ಎಂದು ಊರವರು ಪೇಚಾಡುತ್ತಾರೆ, ಶಾಸ್ತ್ರ ಬಲ್ಲವರನ್ನು ಕರೆಸುತ್ತಾರೆ, ಹಳೆಯದನ್ನು ನೀರಿಗೆ ಬಿಟ್ಟು ಹೊಸದನ್ನು ಕಡೆಸುತ್ತಾರೆ. ಮನೆಯ ಮಾತೂ ಅಷ್ಟೆ. ದೇವರ ಪಟದ ಗಾಜು ಒಡೆದರೆ ಆ ಪಟ ನಾಳೆಯೋ ನಾಡಿದ್ದೋ ಅರಳಿಕಟ್ಟೆ ಸೇರುತ್ತದೆ. ಕೋಲಾರ ದಾಟಿ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಇದು. ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂಥ ಬೆಟ್ಟಗಳು, ಹೆಸರಿನಲ್ಲಿ ಒಂದು ಸಮುದ್ರ. ಈ ಸೀಮೆಯಲ್ಲಿ ಸಮುದ್ರ ಎಂದರೆ ಕೆರೆ ಎಂದು ಬೇರೆ ಹೇಳಬೇಕಿಲ್ಲ.

ನಿಜವಾದ ಸಮುದ್ರದ ದಂಡೆಯಲ್ಲಿ, ಕ್ಯಾಲಿಫೋರ್ನಿಯಾದ ಪೆಬ್ಬಲ್ ಬೀಚಿನಲ್ಲಿ, 2024ರ ಆಗಸ್ಟಿನ ಒಂದು ಭಾನುವಾರ ನಡೆದದ್ದು ಇದಕ್ಕೆ ತೀರ ಉಲ್ಟಾ. ಹಳೆಯ ಕಾರುಗಳ ಪ್ರದರ್ಶನಗಳಲ್ಲಿ ಪೆಬ್ಬಲ್ ಬೀಚ್ ಕಾಂಕೂರ್‌ನದು ದೊಡ್ಡ ಹೆಸರು. 1950ರಲ್ಲಿ ಶುರುವಾದದ್ದು. ಅಲ್ಲಿ ಆ ದಿನದ ಅತ್ಯುನ್ನತ ಬಹುಮಾನ ಹೋದದ್ದು 1934ರ ಬುಗಾಟಿ ಟೈಪ್ 59 ಸ್ಪೋರ್ಟ್ಸ್ ಎಂಬ ಕಾರಿಗೆ. ಅದರ ಬಣ್ಣ ಬಿರುಕು ಬಿಟ್ಟಿದೆ, ಅಲ್ಲಲ್ಲಿ ಕಿತ್ತಿದೆ. ದಶಕಗಳಿಂದ ಯಾರೂ ಅದನ್ನು ಉಜ್ಜಿ ಹೊಸ ಬಣ್ಣ ಬಳಿದಿಲ್ಲ. ಬಳಿಯದೆ ಉಳಿಸಿದ್ದೇ ಅದರ ಹೆಚ್ಚುಗಾರಿಕೆ. ಮುಟ್ಟದೆ ಕಾಪಾಡಿಕೊಂಡು ಬಂದ ಕಾರುಗಳಿಗೆಂದೇ ಅಲ್ಲಿ ಪ್ರತ್ಯೇಕ ವರ್ಗವಿದೆ. ಆ ವರ್ಗದ ಕಾರೊಂದು ಇಡೀ ಪ್ರದರ್ಶನದ ಕಿರೀಟ ಗೆದ್ದದ್ದು ಅದೇ ಮೊದಲು.

ಅಂದರೆ ಅಲ್ಲಿ ಮುಕ್ಕಾದ ಮೂರ್ತಿಗೇ ಮಂಗಳಾರತಿ.

ಆ ದಿನ ಅಲ್ಲಿ ಶುರುವಾಗುವುದೂ ಸುಪ್ರಭಾತದ ಹೊತ್ತಿಗೇ. ಸೂರ್ಯ ಹುಟ್ಟುವ ಮುಂಚೆ, ಕಡಲ ಮಂಜು ಇನ್ನೂ ಕರಗದಿರುವಾಗ, ಕಾರುಗಳು ಒಂದೊಂದಾಗಿ ತಮ್ಮ ಎಂಜಿನ್ನಿನ ಬಲದ ಮೇಲೆ ಗಾಲ್ಫ್ ಮೈದಾನದ ಹುಲ್ಲಿಗೆ ಇಳಿಯುತ್ತವೆ. ಅದನ್ನು ನೋಡಲೆಂದೇ ಕೊರೆವ ಚಳಿಯಲ್ಲಿ ಜನ ಸಾಲುಗಟ್ಟಿ ನಿಂತಿರುತ್ತಾರೆ. ಬಿಸಿಲೇರಿದ ಮೇಲೆ ನೀಲಿ ಕೋಟಿನ ತೀರ್ಪುಗಾರರು ಬರುತ್ತಾರೆ. ದೀಪ ಹೊತ್ತುತ್ತದೆಯೇ, ಹಾರನ್ ಕೂಗುತ್ತದೆಯೇ, ಎಂಜಿನ್ ಹಿಡಿಯುತ್ತದೆಯೇ ಎಂದು ನೋಡುತ್ತಾರೆ. ಬೋಲ್ಟು ಆ ಕಾಲದ್ದೋ ಈಚಿನದೋ ಎಂದು ಬಗ್ಗಿ ಇಣುಕುತ್ತಾರೆ. ಗೆದ್ದ ಬುಗಾಟಿ ರೇಸಿಗೆಂದು ಕಟ್ಟಿದ ಗಾಡಿ. ಪಿಯಾನೊ ತಂತಿಯ ಹಾಗೆ ಸಣ್ಣಗೆ ಬಿಗಿದ ಕಡ್ಡಿಗಳ ಗಾಲಿ. ಬೆಲ್ಜಿಯಂ ದೊರೆ ಮೂರನೇ ಲಿಯೊಪೋಲ್ಡ್ ಅದನ್ನು ಕೊಂಡು ಕಪ್ಪು ಬಣ್ಣ ಹೊಡೆಸಿ ಹಳದಿ ಪಟ್ಟೆ ಎಳೆಸಿದ. ಈಗ ತೀರ್ಪುಗಾರರು ಕಣ್ಣರಳಿಸಿ ನೋಡುವುದು ಆ ಬಣ್ಣದ ಬಿರುಕುಗಳನ್ನೇ. ಸವೆದು ಕಂದಿದ ಮೇಲ್ಮೈಗೆ ಕಾರು ಮೋಹಿಗಳು ಪಟಿನಾ ಅನ್ನುತ್ತಾರೆ. ಅಜ್ಜಿಯ ಹಿತ್ತಾಳೆ ಚೆಂಬಿನ ಅಂಚು ಕೈಯಾಡಿ ಕೈಯಾಡಿ ನುಣುಪಾಗಿ ಮಂಕಾಗಿರುತ್ತದಲ್ಲ, ಅದೇ ಬಗೆ. ಕಲೆಯನ್ನೇ ಕಳೆ ಎಂದು ಕರೆಯುವ ಜನ ಇವರು.

ಇಷ್ಟಕ್ಕೂ ಜಗಳ ಬಣ್ಣದ್ದಲ್ಲ. ತೊಂಬತ್ತು ವರ್ಷದ ಹಿಂದೆ ಕಾರ್ಖಾನೆಯಿಂದ ಹೊರಬಂದ ಕಾರು ಇದೇನಾ? ಗಾಲಿ ಬದಲಾಗಿ, ಎಂಜಿನ್ ಬದಲಾಗಿ, ಮೈತಗಡು ಬದಲಾಗಿ ಮುಂದೆ ನಿಂತದ್ದನ್ನು ‘ಅದೇ’ ಎನ್ನುವುದು ಯಾವ ಧೈರ್ಯದ ಮೇಲೆ? ತತ್ತ್ವಶಾಸ್ತ್ರದಲ್ಲಿ ಈ ಪ್ರಶ್ನೆಗೆ ಎರಡು ಸಾವಿರ ವರ್ಷ ದಾಟಿದೆ. ಅಥೆನ್ಸಿನವರು ಥೀಸಿಯಸನ ಹಡಗಿನ ಹಲಗೆ ಲಡ್ಡಾದಂತೆಲ್ಲ ಹೊಸ ಹಲಗೆ ಜೋಡಿಸುತ್ತ ಬಂದರು, ಅದು ಅದೇ ಹಡಗೋ ಅಲ್ಲವೋ ಎಂದು ಪಂಡಿತರು ವಾದಕ್ಕೆ ಬಿದ್ದರು ಎಂದು ಪ್ಲುಟಾರ್ಕ್ ಬರೆದಿಟ್ಟ. ನಮ್ಮ ಕಡೆಯ ಉದಾಹರಣೆ ಇನ್ನೂ ಹತ್ತಿರದ್ದು, ಯಾಕೆಂದರೆ ಅದು ಗಾಡಿಯದೇ. ‘ಮಿಲಿಂದ ಪನ್ಹ’ದಲ್ಲಿ ಭಿಕ್ಷು ನಾಗಸೇನ ಗ್ರೀಕ್ ಮೂಲದ ಅರಸ ಮಿಲಿಂದನನ್ನು ಕೇಳುತ್ತಾನೆ: ನೀನು ರಥದಲ್ಲಿ ಬಂದೆಯಲ್ಲ, ರಥ ಯಾವುದು? ಅಚ್ಚೇ? ಗಾಲಿಯೇ? ನೊಗವೇ? ಲಗಾಮೇ? ಒಂದೊಂದಕ್ಕೂ ಅಲ್ಲ, ಅಲ್ಲ ಎನ್ನುತ್ತ ಬಂದ ಅರಸ ಕೊನೆಗೆ, ಇವೆಲ್ಲ ಕೂಡಿದ್ದಕ್ಕೆ ರಥ ಎಂಬ ಹೆಸರಿಟ್ಟಿದ್ದೇವೆ ಅಷ್ಟೆ ಎಂದು ಒಪ್ಪುತ್ತಾನೆ. ನಾಗಸೇನನಿಗೆ ಬೇಕಿದ್ದದ್ದೂ ಅದೇ. ಮನುಷ್ಯನೂ ಹಾಗೆಯೇ ಎಂದು ಹೇಳಿ ಮುಗಿಸುತ್ತಾನೆ.

ಪುಸ್ತಕದ ವಾದವೇನೋ ಸರಿ, ದುಡ್ಡು ಕೊಟ್ಟವನು ಇದಕ್ಕೆ ತಲೆದೂಗುವುದಿಲ್ಲ. 1990ರಲ್ಲಿ ಈ ವಾದ ಲಂಡನ್ನಿನ ಹೈಕೋರ್ಟಿನ ಮೆಟ್ಟಿಲೇರಿತು. ‘ಓಲ್ಡ್ ನಂಬರ್ ಒನ್’ ಎಂಬ ಅಡ್ಡಹೆಸರಿನ ಬೆಂಟ್ಲಿ ಸ್ಪೀಡ್ ಸಿಕ್ಸ್ 1929 ಮತ್ತು 1930, ಎರಡು ವರ್ಷ ಸಾಲಾಗಿ ಲೆ ಮಾನ್ ರೇಸ್ ಗೆದ್ದ ಕಾರು. ಆಮೇಲೂ ಅದನ್ನು ರೇಸಿಗೆ ಬಿಟ್ಟರು. ಒಂದೊಂದು ರೇಸಿಗೂ ಒಂದೊಂದು ಭಾಗ ಹೊಸದಾಯಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್‌ಫೀ ಸತ್ತ. ಉಳಿದದ್ದನ್ನು ಎತ್ತಿ ತಂದು ಬೇರೆ ಮೈ ಕಟ್ಟಿದರು. ಅರವತ್ತು ವರ್ಷದ ಮೇಲೆ ಅದಕ್ಕೆ ಒಂದು ಕೋಟಿ ಪೌಂಡ್ ಬೆಲೆ ಕುದುರಿತು. ಕೊಳ್ಳುವವರು ಕೊನೇ ಗಳಿಗೆಯಲ್ಲಿ ಹಿಂದೆ ಸರಿದು, 1929ರ ಕಾರು ಇದರಲ್ಲಿ ಎಲ್ಲಿದೆ ತೋರಿಸಿ ಎಂದರು. ನ್ಯಾಯಮೂರ್ತಿ ಆಟನ್ ಹಲಗೆ ಹಲಗೆಯಾಗಿ, ಅಲ್ಲ, ಬಿಡಿಭಾಗ ಬಿಡಿಭಾಗವಾಗಿ ಲೆಕ್ಕ ಹಾಕಿದರು. ಮೊದಲ ರೇಸಿನ ಕಬ್ಬಿಣ ಅದರಲ್ಲಿ ಉಳಿದಿದ್ದದ್ದು ಎಣಿಸಿದರೆ ಬೆರಳೆಣಿಕೆ. ಆದರೂ ತೀರ್ಪು ಮಾರಿದವರ ಕಡೆಗೇ ಬಂತು. ಈ ಕಾರು ಒಂದು ದಿನವೂ ಇಲ್ಲವಾಗಲಿಲ್ಲ, ಇದರ ಜಾಗದಲ್ಲಿ ಇನ್ನೊಂದು ಬಂದು ತಾನೇ ಅದು ಎನ್ನಲಿಲ್ಲ, ಬದಲಾವಣೆಯೆಲ್ಲ ಒಂದೇ ಬದುಕಿನೊಳಗೆ ನಡೆಯಿತು, ಹಾಗಾಗಿ ಇದು ನಿಜವಾದ ಓಲ್ಡ್ ನಂಬರ್ ಒನ್ನೇ ಎಂಬುದು ಅದರ ತಿರುಳು. ನಾಗಸೇನನ ಜೊತೆ ವಾದಿಸಲು ಇಷ್ಟು ಸಾಕಾಗುತ್ತಿತ್ತೋ ಇಲ್ಲವೋ, ಕೊಳ್ಳುವವರ ಬಾಯಿ ಮುಚ್ಚಿಸಲಂತೂ ಸಾಕಾಯಿತು.

ಮುಳಬಾಗಿಲಿನವರಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಭಯಂಕರವಾದ ಕತೆಯೊಂದು ಗೊತ್ತಿದೆ. ಊರಿನ ಆಂಜನೇಯನನ್ನು ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ಅರ್ಜುನನೇ ಪ್ರತಿಷ್ಠೆ ಮಾಡಿದ ಎಂಬುದು ಸ್ಥಳಪುರಾಣ. ಅರ್ಜುನನಿಗೂ ಹನುಮಂತನಿಗೂ ಏನು ನಂಟು? ಅರ್ಜುನ ಕಪಿಧ್ವಜ, ಹನುಮಂತ ಅವನ ತೇರಿನ ಬಾವುಟದಲ್ಲಿ ಕೂತವನು. ಆ ತೇರಿನ ಕೊನೆಯನ್ನು ಮಹಾಭಾರತ ಶಲ್ಯಪರ್ವದಲ್ಲಿ ಹೇಳುತ್ತದೆ. ದುರ್ಯೋಧನನ ತೊಡೆ ಮುರಿದಾಗಿದೆ, ಪಾಂಡವರು ಶಿಬಿರಕ್ಕೆ ಬಂದಿದ್ದಾರೆ. ದಿನವೂ ಸಾರಥಿ ಮೊದಲಿಳಿದು ರಥಿಕನಿಗೆ ಕೈ ಕೊಡುವುದು ಪದ್ಧತಿ. ಅಂದು ಕೃಷ್ಣ, ಗಾಂಡೀವ ಬತ್ತಳಿಕೆ ತೆಗೆದುಕೊಂಡು ಮೊದಲು ನೀನಿಳಿ ಎಂದು ಅರ್ಜುನನಿಗೆ ಹೇಳುತ್ತಾನೆ. ಅರ್ಜುನ ಇಳಿಯುತ್ತಾನೆ. ಹಿಂದೆಯೇ ಕೃಷ್ಣನೂ ಇಳಿಯುತ್ತಾನೆ. ಬಾವುಟದ ಕಪಿ ಮಾಯವಾಗುತ್ತದೆ. ಬೆಂಕಿ ಹಚ್ಚಿದವರಿಲ್ಲ, ಆದರೂ ತೇರು ಕುದುರೆ ನೊಗಗಳ ಸಮೇತ ಭಗ್ಗೆಂದು ಉರಿದು ಬೂದಿಯಾಗುತ್ತದೆ. ಕಂಗಾಲಾದ ಅರ್ಜುನನಿಗೆ ಕೃಷ್ಣ ಕೊಡುವ ವಿವರಣೆ ಸರಳ: ದ್ರೋಣ ಕರ್ಣರ ಅಸ್ತ್ರಗಳಿಂದ ಈ ತೇರು ಎಂದೋ ಸುಟ್ಟುಹೋಗಿತ್ತು, ನಾನು ಕೂತಿದ್ದೆ ಎಂದು ನಿಂತಿತ್ತು.

ಕಾರು ಪ್ರದರ್ಶನದ ಹುಲ್ಲಿನ ಮೇಲೆ ನಿಂತು ಈ ಕತೆ ನೆನೆದರೆ ಮೈ ಜುಮ್ಮೆನ್ನಬೇಕು. ಒಂದೊಂದು ಬೋಲ್ಟೂ ಆ ಕಾಲದ್ದೇ ಎಂದು ಪ್ರಮಾಣಪತ್ರ ಪಡೆದ ಗಾಡಿ ಕೂಡ, ಕೂತು ಓಡಿಸುವವನು ಇಳಿದ ದಿನವೇ ಸುಟ್ಟಿರಬಹುದಲ್ಲವೇ? ಮಹಾಭಾರತದ ತೇರಿನ ಮರ ಬದಲಾಗಿರಲಿಲ್ಲ, ಆಕಾರ ಬದಲಾಗಿರಲಿಲ್ಲ, ಅದು ಮಾತ್ರ ಉಳಿದಿರಲಿಲ್ಲ. ಓಲ್ಡ್ ನಂಬರ್ ಒನ್ನಿನಲ್ಲಿ ಕಬ್ಬಿಣ ಬಹುಪಾಲು ಬದಲಾಗಿತ್ತು, ಅದು ಮಾತ್ರ ಉಳಿದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಒಂದಂತೂ ಖಾತ್ರಿ: ‘ಅದೇ’ತನವನ್ನು ಕಬ್ಬಿಣದಲ್ಲಿ ಹುಡುಕುವವರು ತಪ್ಪು ಜಾಗದಲ್ಲಿ ಬಗ್ಗಿ ನೋಡುತ್ತಿದ್ದಾರೆ.

ಹಾಗಾದರೆ ಸರಿಯಾದ ಜಾಗ ಯಾವುದು ಎಂದು ಕೇಳಿದರೆ ಮುಳಬಾಗಿಲು ತಾಲ್ಲೂಕೊಂದರಲ್ಲೇ ಎರಡು ಉತ್ತರ ಸಿಗುತ್ತವೆ. ದೇವರಾಯಸಮುದ್ರದಿಂದ ಕೂಗಳತೆಗಿಂತ ತುಸು ಆಚೆ ಆವನಿ. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳು ಇರುವ ಊರು. ಶೃಂಗೇರಿ ಪರಂಪರೆಯ ಶಂಕರ ಮಠವೂ ಇದೆ. ಅಲ್ಲಿನ ಉತ್ತರ ಛಾಂದೋಗ್ಯ ಉಪನಿಷತ್ತಿನ ಮಣ್ಣಿನ ಮುದ್ದೆಯಿಂದ ಬರುತ್ತದೆ. ಮಡಕೆ, ಕುಡಿಕೆ, ಹಣತೆ ಎಂಬುದೆಲ್ಲ ಬಾಯಿಮಾತಿನ ಹೆಸರು, ಇರುವುದು ಮಣ್ಣು. ಬುಗಾಟಿ, ಬೆಂಟ್ಲಿ ಎಂದು ಕೊರಗುವುದು ನಾಮರೂಪದ ಮೋಹ. ಇನ್ನೊಂದು ದಿಕ್ಕಿಗೆ ಮುಳಬಾಗಿಲಿನ ಹತ್ತಿರ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನ. ಹದಿನೈದನೇ ಶತಮಾನದ ಈ ಮಾಧ್ವ ಯತಿಯ ಬಳಿ ಓದಿದ ವ್ಯಾಸರಾಯರು ಮುಂದೆ ‘ನ್ಯಾಯಾಮೃತ’ ಬರೆದು, ಭೇದ ಎನ್ನುವುದು ಭ್ರಮೆಯಲ್ಲ, ನಿಜ ಎಂದು ಅದ್ವೈತಿಗಳ ಎದುರು ಪಟ್ಟು ಹಿಡಿದರು. ಮಧ್ವಮತದ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಎರಡು ಕಾರೂ ಎರಡೇ. ಒಂದರ ಚರಿತ್ರೆ ಇನ್ನೊಂದಕ್ಕೆ ಅಂಟುವುದಿಲ್ಲ. ಛಾಸಿ ನಂಬರನ್ನು ಭೂತಗನ್ನಡಿಯಲ್ಲಿ ನೋಡುವ ತೀರ್ಪುಗಾರ ತನಗೆ ಗೊತ್ತಿಲ್ಲದೆಯೇ ಮಾಧ್ವ.

ಮೂರನೆಯ ಉತ್ತರಕ್ಕೆ ಘಟ್ಟ ಇಳಿಯಬೇಕು. ಧರ್ಮಸ್ಥಳದಲ್ಲಿ ಮಂಜುನಾಥನ ದರ್ಶನಕ್ಕೆ ಬಂದವರು ಹೊರಡುವ ಮುಂಚೆ ಹಳೆಯ ಕಾರುಗಳ ಸಂಗ್ರಹಾಲಯ ನೋಡಿಯೇ ಹೋಗುತ್ತಾರೆ. ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಕೂಡಿಹಾಕಿದ ಸಂಗ್ರಹ. ಪೂಜೆ ಮಾಧ್ವ ಅರ್ಚಕರದು, ದೇವರು ಶಿವ, ಆಡಳಿತ ಜೈನ ಮನೆತನದ್ದು. ಇಂಥ ಕಡೆ ಕಾರುಗಳು ಬಂದು ನಿಂತದ್ದು ಬರಿಯ ಕಾಕತಾಳೀಯವಿರಬಹುದು, ಆದರೆ ವಸ್ತುವಿನ ಬದಲಾವಣೆಯ ಬಗ್ಗೆ ಜೈನರಷ್ಟು ಸಮಾಧಾನದಿಂದ ಯೋಚಿಸಿದವರು ಕಡಿಮೆ. ಹುಟ್ಟು, ಅಳಿವು, ಉಳಿವು ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಹೊತ್ತಿಗೆ ಇರುತ್ತವೆ ಎಂಬುದು ಅವರ ನಿಲುವು. ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಇದಕ್ಕೆ ಚಿನ್ನದ ಉದಾಹರಣೆ ಕೊಟ್ಟರು. ಚಿನ್ನದ ಕೊಡ ಕರಗಿಸಿ ಕಿರೀಟ ಮಾಡಿದರೆ, ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. 2001ರಲ್ಲಿ ಗಣಿ ಮುಚ್ಚುವ ತನಕ ನೂರಿಪ್ಪತ್ತು ವರ್ಷ ಚಿನ್ನ ಅಗೆದು ಕೊಟ್ಟ ಕೋಲಾರ ಜಿಲ್ಲೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಲಂಡನ್ನಿನ ಕೋರ್ಟಿನಲ್ಲಿ ಇದ್ದವರೂ ಸಮಂತಭದ್ರರ ಈ ಮೂವರೇ. ಕೊಳ್ಳುವವನಿಗೆ ಕೊಡ ಬೇಕಿತ್ತು, ಮಾರುವವನ ಕೈಯಲ್ಲಿ ಕಿರೀಟವಿತ್ತು, ನ್ಯಾಯಮೂರ್ತಿ ಚಿನ್ನ ನೋಡಿದರು.

ಪಂಡಿತರನ್ನು ಬಿಟ್ಟು ಗುಡಿಯ ಕಡೆ ಹೊರಳಿದರೆ ಇದೇ ಪ್ರಶ್ನೆಗೆ ಕೈಕೆಲಸದ ಉತ್ತರವೊಂದು ಸಿಗುತ್ತದೆ. ಜೀರ್ಣೋದ್ಧಾರ ಹಿಡಿದಾಗ ಮೊದಲು ಉಳಿ ಸುತ್ತಿಗೆ ಬರುವುದಿಲ್ಲ, ಕಲಶ ಬರುತ್ತದೆ. ಮಂತ್ರ ಹೇಳಿ ಮೂರ್ತಿಯ ಕಳೆಯನ್ನು ಕಲಶದ ನೀರಿಗೆ ಇಳಿಸುತ್ತಾರೆ. ಇದಕ್ಕೆ ಕಲಾಕರ್ಷಣ ಎಂದು ಹೆಸರು. ಕಲಶವನ್ನು ಪಕ್ಕದ ಚಿಕ್ಕ ಬಾಲಾಲಯದಲ್ಲಿಟ್ಟು ಪೂಜೆ ನಡೆಸುತ್ತಾರೆ. ಅಷ್ಟರಲ್ಲಿ ಕಲ್ಲುಕುಟಿಗರು ಗರ್ಭಗುಡಿಯೊಳಗೆ ಚಪ್ಪಲಿ ಬಿಟ್ಟು ಹೋಗಿ ಏನು ಬೇಕೋ ಮಾಡಬಹುದು. ಆ ಹೊತ್ತಿಗೆ ಅದು ಬರಿಯ ಕಲ್ಲು. ಕೆಲಸ ಮುಗಿದ ಮೇಲೆ ಅಷ್ಟಬಂಧ ಹಾಕಿ ಕಳೆಯನ್ನು ಮರಳಿ ತುಂಬಿ ಕುಂಭಾಭಿಷೇಕ ಮಾಡುತ್ತಾರೆ. ಪುರಿಯಲ್ಲಂತೂ ಜಗನ್ನಾಥನ ಮರದ ಮೈಯನ್ನೇ ಬದಲಿಸುತ್ತಾರೆ. 2015ರಲ್ಲಿ ಕೊನೆಯದಾಗಿ ಆಯಿತು. ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಸೇವಕರು ನಡುರಾತ್ರಿ ಹೊಸ ಮೂರ್ತಿಗೆ ಸಾಗಿಸುತ್ತಾರೆ. ಇದಕ್ಕೆ ಹತ್ತಿರದ್ದು ಗರಾಜಿನಲ್ಲಿ ಯಾವುದೆಂದರೆ ಛಾಸಿ ನಂಬರಿನ ತಗಡು. ಕಾರಿನ ಮೈಯೆಲ್ಲ ಕೊಳೆತು ಹೋಗಿ ಆ ತಗಡೊಂದು ಉಳಿದಿದ್ದರೂ ಅದರ ಸುತ್ತ ಹೊಸ ಕಾರು ಕಟ್ಟುವವರಿದ್ದಾರೆ. ವ್ಯತ್ಯಾಸವಿಷ್ಟೆ: ಗುಡಿಯಲ್ಲಿ ಒಬ್ಬ ದೇವರ ಕಳೆ ಎರಡು ಮೂರ್ತಿಗೆ ಹಂಚಿಹೋಗಿ ವ್ಯಾಜ್ಯ ಬಿದ್ದದ್ದು ಕಡಿಮೆ, ಗರಾಜಿನಲ್ಲಿ ಎಂಜಿನ್ ಒಬ್ಬರ ಹತ್ತಿರ, ಚೌಕಟ್ಟು ಇನ್ನೊಬ್ಬರ ಹತ್ತಿರ ಸೇರಿ ಇಬ್ಬರೂ ನನ್ನದೇ ಅಸಲಿ ಎನ್ನುವುದು ಮಾಮೂಲು. ಥೀಸಿಯಸನ ಹಡಗಿಗೆ ಹಳೆಯ ಹಲಗೆಗಳನ್ನೆಲ್ಲ ಕೂಡಿಸಿ ಎರಡನೇ ಹಡಗು ಕಟ್ಟಿದರೆ ಏನು ಮಾಡುವಿರಿ ಎಂದು ಹದಿನೇಳನೇ ಶತಮಾನದಲ್ಲಿ ಹಾಬ್ಸ್ ಹಾಕಿದ ಕೊಕ್ಕೆ ಇದೇ.

ಬುಗಾಟಿ, ಬೆಂಟ್ಲಿ ಕಾಲದ ದೊಡ್ಡ ಕಾರುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ರೋಲ್ಸ್‌ರಾಯ್ಸ್, ಬೆಂಟ್ಲಿ ಕಂಪನಿಗಳು ಬಹುಕಾಲ ಮಾರುತ್ತಿದ್ದದ್ದು ಎಂಜಿನ್ ಕೂರಿಸಿದ ಛಾಸಿಯನ್ನು ಮಾತ್ರ. ಮೈ ಕಟ್ಟುವವರು ಬೇರೆ. ಹೂಪರ್, ಬಾರ್ಕರ್ ಥರದ ಮನೆತನದ ಕಸುಬಿನವರು. ಮೈಸೂರು ಅರಮನೆ ರೋಲ್ಸ್‌ರಾಯ್ಸ್‌ಗಳನ್ನು ಏಳೇಳರಂತೆ ಕೊಳ್ಳುತ್ತಿತ್ತು, ಹಾಗೆ ಸಗಟು ಕೊಳ್ಳುವುದಕ್ಕೆ ಆ ಕಂಪನಿಯಲ್ಲಿ ‘ಮೈಸೂರು ಮಾಡುವುದು’ ಎಂಬ ಮಾತೇ ಹುಟ್ಟಿತ್ತು ಎಂದು ಕಾರು ಮೋಹಿಗಳು ಈಗಲೂ ಹೇಳಿಕೊಳ್ಳುತ್ತಾರೆ. ಹಾಗೆ ಬಂದ ಗಾಡಿಗಳಿಗೆ ಯೌವನದಲ್ಲೇ ಮೈ ಬದಲಾಗುವುದು ದೊಡ್ಡ ಸುದ್ದಿಯಲ್ಲ. ದೇಹ ರಥ, ಆತ್ಮ ರಥಿಕ, ಬುದ್ಧಿ ಸಾರಥಿ ಎಂದ ಕಠೋಪನಿಷತ್ತಿನ ಪ್ರಕಾರ ನೋಡಿದರೆ ರಥಕ್ಕೇ ಇನ್ನೊಂದು ದೇಹವಿದ್ದಂತಾಯಿತು!

ನಮ್ಮ ಸರ್ಕಾರವೂ ಈ ಚರ್ಚೆಯಲ್ಲಿ ಮಾತಾಡಿದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಐವತ್ತು ವರ್ಷ ಮೀರಿದ, ಛಾಸಿ, ಮೈ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಯಿಲ್ಲದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು ಎಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ಇಂಗ್ಲೆಂಡಿನ ಹಳೆಯ ಕಾರುಗಳ ಕ್ಲಬ್ಬಿನವರು 1930ರ ಕೊನೆಗೇ ವಿಂಟೇಜ್ ಯುಗಕ್ಕೆ ಗೆರೆ ಎಳೆದಿದ್ದಾರೆ. ನಮ್ಮ ನಿಯಮದಲ್ಲಿ ಮೈಸೂರು ರಾಜ್ಯದ ‘ಎಂವೈ’ ನಂಬರು ಹೊತ್ತ ಹಳೆಯ ಅಂಬಾಸಡರ್ ಕೂಡ ಆ ಪಂಕ್ತಿಗೆ ಸೇರಬಹುದು. ಇದು ಒಳ್ಳೆಯ ಔದಾರ್ಯ. ಹಿಂದೆಯೇ ಒಂದು ಕಟ್ಟೂ ಇದೆ. ಹೀಗೆ ನೋಂದಾಯಿಸಿದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲಿಗೆ, ರಿಪೇರಿಗೆ ಮಾತ್ರ ರಸ್ತೆಗಿಳಿಯಬೇಕು. ಹೊಗೆ, ಸುರಕ್ಷತೆ ಎಂಬ ಕಾರಣಗಳು ಸುಳ್ಳಲ್ಲ. ಆದರೂ ಹನ್ನೆರಡನೇ ಶತಮಾನದಲ್ಲೇ ಸ್ಥಾವರ, ಜಂಗಮ ಎಂದು ಎರಡು ಮಾಡಿ ಯಾವುದಕ್ಕೆ ಅಳಿವು ಎಂದು ತೀರ್ಮಾನಿಸಿದ ನಾಡಿನಲ್ಲಿ, ಜಂಗಮವನ್ನು ಗೌರವಿಸಲು ಅದನ್ನು ಸ್ಥಾವರ ಮಾಡುವ ನಿಯಮ ನೋಡಿ ನಗು ಬರುತ್ತದೆ.

ಪೆಬ್ಬಲ್ ಬೀಚಿನವರು ಇಲ್ಲಿ ಸ್ವಲ್ಪ ಜಾಣರು. ಪ್ರದರ್ಶನಕ್ಕೆ ಮೂರು ದಿನ ಮುಂಚೆ, ಗುರುವಾರ, ಅಲ್ಲೊಂದು ಸವಾರಿ ಇರುತ್ತದೆ. ಕೋಟಿ ಬೆಲೆಯ ಗಾಡಿಗಳು ಮಾಮೂಲಿ ರಸ್ತೆಯಲ್ಲಿ ಧೂಳು ಕುಡಿದು ಬರಬೇಕು. ಭಾನುವಾರ ಒಂದೇ ವರ್ಗದಲ್ಲಿ ಎರಡು ಕಾರಿಗೆ ಸಮ ಅಂಕ ಬಂದರೆ, ಆ ಸವಾರಿ ಮುಗಿಸಿದ ಕಾರೇ ಮೇಲು. ಕೃಷ್ಣ ಕೂತಿದ್ದಾನೋ ಇಳಿದಿದ್ದಾನೋ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ದೇವರಾಯಸಮುದ್ರದ ಆಸುಪಾಸಿನ ಹೆದ್ದಾರಿಯಲ್ಲಿ ಇಂಥ ಪರೀಕ್ಷೆ ವರ್ಷಕ್ಕೊಮ್ಮೆ, ಮಹಾನವಮಿಯ ದಿನ. ಆಯುಧಪೂಜೆಗೆ ಪಂಕ್ಚರ್ ಅಂಗಡಿಯ ಜಾಕಿ, ಸ್ಪ್ಯಾನರು, ಕಂಪ್ರೆಸರು ತೊಳೆದು ಕುಂಕುಮ ಇಡಿಸಿಕೊಳ್ಳುತ್ತವೆ. ಟೊಮೇಟೊ ಹೊತ್ತು ಕೋಲಾರದ ಮಾರುಕಟ್ಟೆಗೆ ಓಡಾಡುವ ಟೆಂಪೊ, ಲಾರಿಗಳಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಮೂತಿ ನಜ್ಜುಗುಜ್ಜಾದ ಲಾರಿಯೇ ಇರಲಿ, ಭಿನ್ನವಾಗಿದೆ ಎಂದು ಆ ದಿನ ಯಾರೂ ಪೂಜೆ ತಪ್ಪಿಸುವುದಿಲ್ಲ. ವಿಗ್ರಹಕ್ಕೆ ಒಂದು ಶಾಸ್ತ್ರ, ಗಾಡಿಗೆ ಇನ್ನೊಂದು. ಬೂದುಗುಂಬಳ ಒಡೆದು, ನಾಲ್ಕು ಗಾಲಿಗೂ ಒಂದೊಂದು ನಿಂಬೆಹಣ್ಣು ಇಟ್ಟು, ಗಾಡಿ ಎಬ್ಬಿಸಿ ಮುಂದಕ್ಕೆ ಬಿಟ್ಟರೆ ಪೂಜೆ ಮುಗಿಯಿತು. ಎಂಜಿನ್ ಕೆಟ್ಟು ಅಂಗಡಿಯ ಹಿಂದೆ ನಿಂತ ಗಾಡಿಯಿದ್ದರೆ ಅದನ್ನೂ ಬಿಡುವುದಿಲ್ಲ. ಮಾಲೀಕ ಸ್ಟೀರಿಂಗ್ ಹಿಡಿದು ಕೂರುತ್ತಾನೆ, ಹಿಂದಿನಿಂದ ನಾಲ್ಕು ಜನ ಹೆಗಲು ಕೊಡುತ್ತಾರೆ, ಯಾರೋ ಗಾಲಿಯ ಮುಂದಿನ ಕಲ್ಲು ಸರಿಸುತ್ತಾರೆ. ಗಾಡಿ ಕಿರ್ರೆಂದು ಒಂದು ಗೇಣು ಉರುಳುತ್ತದೆ, ನಿಂಬೆಹಣ್ಣು ಪಚಕ್ಕೆಂದು ಅಪ್ಪಚ್ಚಿಯಾಗುತ್ತದೆ, ತಳ್ಳಿದವರು ಕೈ ಕೊಡವಿಕೊಂಡು ಕಡ್ಲೆಪುರಿಯ ಕಡೆ ಹೋಗುತ್ತಾರೆ.